ಮತ್ತೆ ‘ಕುಸುಮಬಾಲೆ’
ಗುಂಡ್ಲುಪೇಟೆ ಬಳಿಯ ಹಂಗಳದಲ್ಲಿ ಕೂತು ದೇವನೂರ ಮಹಾದೇವರ ‘ಕುಸುಮಬಾಲೆ’ಯನ್ನು ಮತ್ತೊಮ್ಮೆ ಓದಿದೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಿರುಕಾದಂಬರಿ. ಹಿಂದೆ ನನ್ನನ್ನು ಹಿಡಿದಿಟ್ಟದ್ದು ಇರುಳಲ್ಲಿ ಒಟ್ಟುಗೂಡಿ ತಂತಮ್ಮ ಮನೆಯ ಕಷ್ಟಸುಖ ಹೇಳಿಕೊಳ್ಳುವ ಜೋತಮ್ಮಗಳು. ದೀಪಗಳು ಮಾತಾಡುವ ಆ ಮಾಯೆಯಲ್ಲೇ ತೇಲಿಹೋಗಿದ್ದೆ. ಈ ಸಲ ಎದೆಗೆ ನಾಟಿದ್ದು ಚನ್ನನ ಕೊಲೆ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಹುಡುಗ ಅವನು. ಆ ಸಾವಿನ ಪಕ್ಕದಲ್ಲಿಟ್ಟು ನೋಡಿದಾಗ ಜೋತಮ್ಮಗಳ ಮಾತಿಗೂ ಬೇರೆಯೇ ತೂಕ ಬಂತು. ನಂಜನಗೂಡು, ಚಾಮರಾಜನಗರ ಸೀಮೆಯ ಆಡುಮಾತು ಕಷ್ಟವೆಂದು ಪುಸ್ತಕ ಕೆಳಗಿಟ್ಟವರಿದ್ದಾರೆ. ಗುಂಡ್ಲುಪೇಟೆ ಬಸ್ಸಿನಲ್ಲಿ ಅರ್ಧ ಗಂಟೆ ಕೂತರೆ ಕಿವಿ ಪಳಗುತ್ತದೆ. ಮಂಟೇಸ್ವಾಮಿಯ, ಮಾದಪ್ಪನ ಕಥೆಗಳನ್ನು ರಾತ್ರಿಯಿಡೀ ಹಾಡುವ ನಾಡಿದು; ಕಾದಂಬರಿಯ ಲಯವೂ ಹಾಡಿನದೇ. ಕೆಳಗಿಟ್ಟವರು ದಯವಿಟ್ಟು ಮತ್ತೆ ಕೈಗೆತ್ತಿಕೊಳ್ಳಿ, ಗಟ್ಟಿಯಾಗಿ ಓದಿ.