ಕೋವಿಯ ಹೆಮ್ಮೆ, ಪಿಸ್ತೂಲಿನ ಶೋಕಿ

ಚಿಕಲಠಾಣಾದ ನಮ್ಮ ಕೂಟಗಳಲ್ಲಿ ಒಂದು ಮಾತು ಕೇಳುತ್ತಿದ್ದೇನೆ: “ಕೊಡವರಿಗೆ ಲೈಸೆನ್ಸ್ ಬೇಡ, ನಮಗೇಕೆ ಬೇಕು?” 1959ರ ಆಯುಧ ಕಾಯ್ದೆಯಡಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇರುವುದು ನಿಜ, 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ಆ ಕೋವಿ ಕೈಲ್‌ಪೊಳ್ದ್ ಹಬ್ಬದಲ್ಲಿ ಹೂ ಮುಡಿದು ಎಲ್ಲರೆದುರು ಪೂಜೆಗೊಳ್ಳುವಂಥದು. ನಮ್ಮ ಹುಡುಗರು ಬಯಸುವುದೋ, ಅಂಗಿಯೊಳಗೆ ಅಡಗಿಸುವ ಪಿಸ್ತೂಲು!

ಲೈಸೆನ್ಸಿಲ್ಲದೆ ನಳಿಗೆ ಮೋಟು ಮಾಡಿಸಿದರೂ, ಆಟದ ಬಂದೂಕನ್ನು ನಿಜದ್ದಾಗಿ ಮಾರ್ಪಡಿಸಿದರೂ ಅಪರಾಧವೇ. 2019ರ ತಿದ್ದುಪಡಿಯಂತೆ, ಮದುವೆಯ ಸಂಭ್ರಮದಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಕೊಡವರ ಹಕ್ಕಿಗೆ ಕರುಬುವ ಮುನ್ನ ಅವರ ಶಿಸ್ತನ್ನು ಕಲಿಯೋಣ. ಪರಸ್ಥಳದಲ್ಲಿ ನಮ್ಮನ್ನು ಕಾಯುವುದು ನೆರೆಹೊರೆಯ ವಿಶ್ವಾಸ. ಸೊಂಟದ ಪಿಸ್ತೂಲು ಮೊದಲು ಕೊಲ್ಲುವುದು ಅದನ್ನೇ.