ಲಾಂಡ್ರಿಯಲ್ಲಿ ತುಳಸಿಕಟ್ಟೆ ಬೇಕೇ?

ನಮ್ಮಕ್ಕನ ಮಗಳು ಬಾರ್ಸಿಲೋನಾದಲ್ಲಿದ್ದಾಳೆ. ಕೆಲಸಕ್ಕೆ ಅಂತ ಹೋಗಿ ನಾಲ್ಕು ವರ್ಷವಾಯ್ತು. ಮೊನ್ನೆ ಭಾನುವಾರ ಫೋನ್ ಮಾಡಿದಾಗ ದನಿ ಸಪ್ಪಗಿತ್ತು. "ಚಿಕ್ಕಮ್ಮಾ, ನನ್ನ ಕತೆ ವಾಪಸ್ ಬಂತು" ಅಂದಳು. ಕನ್ನಡದ ಒಂದು ಕಥಾಸ್ಪರ್ಧೆಗೆ ಕಳಿಸಿದ್ದಳು. ಲಾಂಡ್ರಿಯೊಂದರಲ್ಲಿ ರಾತ್ರಿಪಾಳಿ ಮಾಡುವ ಇಬ್ಬರು ಹೆಂಗಸರ ಕತೆ. ಒಬ್ಬಳು ಪೆರು ದೇಶದವಳು, ಇನ್ನೊಬ್ಬಳು ನಮ್ಮ ಕಡೆಯವಳು. "ಚೆನ್ನಾಗಿದೆ, ಆದರೆ ನಮ್ಮ ಮಣ್ಣಿನ ವಾಸನೆ ಇಲ್ಲ" ಅಂತ ಒಂದು ಸಾಲು ಬರೆದು ಕಳಿಸಿದ್ದಾರಂತೆ.

"ಏನು ಮಾಡ್ಬೇಕಿತ್ತು ಹೇಳು? ಲಾಂಡ್ರಿ ಮೂಲೇಲಿ ತುಳಸಿಕಟ್ಟೆ ಇಡ್ಬೇಕಿತ್ತಾ?"

ನಗು ಬಂದರೂ ನಗಲಿಲ್ಲ. ಅವಳ ಸಂಕಟ ಕತೆಯದ್ದು ಮಾತ್ರ ಆಗಿರಲಿಲ್ಲ. "ನೀನಿನ್ನು ನಮ್ಮವಳಲ್ಲ" ಅಂತ ಯಾರೋ ಹೇಳಿದ ಹಾಗೆ ಅವಳಿಗೆ ಅನ್ನಿಸಿತ್ತು. ಅವಳು ಈಗ ದಿನವೂ ಆಡುವ ಸ್ಪ್ಯಾನಿಷ್ ಭಾಷೆಯ ಸಾಹಿತ್ಯದಲ್ಲೂ ಇದೇ ಜಗಳ ದಶಕಗಟ್ಟಲೆ ನಡೆದಿದೆ. ಆವತ್ತು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಅರ್ಜೆಂಟೀನಾದ ಬೋರ್ಹೆಸ್ 1951ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಒಂದು ಉಪನ್ಯಾಸ ಕೊಟ್ಟರು. ಅರ್ಜೆಂಟೀನಾದ ಲೇಖಕ ತನ್ನ ದೇಶದ ಕುದುರೆ ಸವಾರರು, ಹುಲ್ಲುಗಾವಲು ಇವನ್ನೇ ಬರೀಬೇಕು ಅಂತ ಆಗ ಒಂದು ವಾದವಿತ್ತು. ಅದಕ್ಕೆ ಅವರು ಕೊಟ್ಟ ಉದಾಹರಣೆ ಇದು: ಕುರಾನಿನಲ್ಲಿ ಒಂಟೆಯೇ ಇಲ್ಲ ಅಂತ ಇತಿಹಾಸಕಾರ ಗಿಬ್ಬನ್ ಹೇಳಿದ್ದಾನೆ, ಅರಬನಿಗೆ ಒಂಟೆ ದಿನನಿತ್ಯದ್ದು, ಅದನ್ನು ಎತ್ತಿ ತೋರಿಸಬೇಕು ಅಂತ ಅನ್ನಿಸೋದೇ ಇಲ್ಲ, ಹೆಜ್ಜೆಹೆಜ್ಜೆಗೂ ಒಂಟೆ ತರುವವನು ಪ್ರವಾಸಿ. ನಿಜ ಹೇಳಬೇಕಂದ್ರೆ ಕುರಾನಿನಲ್ಲಿ ಒಂಟೆಯ ಮಾತು ಬರುತ್ತದೆ, ಉದಾಹರಣೆ ತಪ್ಪು. ಆದರೆ ವಾದ ಗಟ್ಟಿಯಾಗಿಯೇ ಉಳಿದಿದೆ.

ಅದೇ ಉಪನ್ಯಾಸದಲ್ಲಿ ಅವರು ತಮ್ಮ ಅನುಭವವನ್ನೂ ಹೇಳಿಕೊಂಡರು. ತಮ್ಮೂರಿನ ಹೊರವಲಯದ ಸೊಗಡು ಹಿಡೀಬೇಕು ಅಂತ ಅಲ್ಲಿನ ಆಡುಮಾತು ತುಂಬಿ ವರ್ಷಗಟ್ಟಲೆ ಬರೆದರು, ಸಿಗಲಿಲ್ಲ. ಆಮೇಲೆ ಕೆಟ್ಟ ಕನಸಿನಂಥ ಒಂದು ಪತ್ತೇದಾರಿ ಕತೆ ಬರೆದರು. ಅದರಲ್ಲಿ ಬ್ಯೂನಸ್ ಐರಿಸ್‌ನ ಹೆಸರೇ ಇಲ್ಲ, ಅಲ್ಲಿನ ಬೀದಿಗೆ ಫ್ರೆಂಚ್ ಹೆಸರು. ಅದನ್ನು ಓದಿದ ಗೆಳೆಯರು, ಕೊನೆಗೂ ನಮ್ಮೂರಿನ ಹೊರವಲಯ ನಿನ್ನ ಬರಹದಲ್ಲಿ ಸಿಕ್ಕಿತು ಅಂದರಂತೆ! ಊರನ್ನು ತೋರಿಸುವ ಹಟ ಬಿಟ್ಟಾಗ ಊರು ತಾನೇ ಬಂತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅಕ್ಕನ ಮಗಳಿಗೆ ಖುಷಿಯಾಗ್ತಿತ್ತು. ಆದರೆ ಇನ್ನೊಂದು ಮಗ್ಗುಲನ್ನೂ ಹೇಳಬೇಕಲ್ಲ.

ಅದೇ ಅರ್ಜೆಂಟೀನಾದ ಹೂಲಿಯೋ ಕೊರ್ತಾಸರ್ ಹುಟ್ಟಿದ್ದು 1914ರಲ್ಲಿ ಬ್ರಸೆಲ್ಸ್‌ನಲ್ಲಿ. 1951ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಲ್ಲೇ ನೆಲೆನಿಂತರು. 1963ರಲ್ಲಿ ಬಂದ ಅವರ ಕಾದಂಬರಿ 'ರಯೂಎಲಾ', ಅಂದರೆ ಕುಂಟೆಬಿಲ್ಲೆ, ಮೊದಲು ಪ್ಯಾರಿಸ್ಸಿನಲ್ಲಿ, ಆಮೇಲೆ ಬ್ಯೂನಸ್ ಐರಿಸ್‌ನಲ್ಲಿ ನಡೆಯುತ್ತದೆ. ಅದರ ನಾಯಕ ಪ್ಯಾರಿಸ್ಸಿನಲ್ಲಿ ಕೂತೂ ತನ್ನ ದೇಶದ ಮಾಟೆ ಎಲೆಯ ಕಷಾಯ ಬಿಟ್ಟವನಲ್ಲ. ದೂರ ಹೋದದ್ದರಿಂದಲೇ ನನಗೆ ಲ್ಯಾಟಿನ್ ಅಮೆರಿಕ ಸರಿಯಾಗಿ ಕಂಡಿತು, ಬರೀ ಮಣ್ಣು ಮಣ್ಣು ಅನ್ನುವ ಸಾಹಿತ್ಯ ಇಕ್ಕಟ್ಟಿನದು ಅನ್ನುವ ಅರ್ಥದ ಒಂದು ಪತ್ರವನ್ನು ಕೊರ್ತಾಸರ್ 1967ರಲ್ಲಿ ಪ್ರಕಟಿಸಿದರು.

ಪೆರು ದೇಶದ ಹೋಸೆ ಮರಿಯಾ ಅರ್ಗೆದಾಸ್‌ಗೆ ಈ ಮಾತು ಚುಚ್ಚಿತು. ಅರ್ಗೆದಾಸ್ ಹುಟ್ಟಿದ್ದು 1911ರಲ್ಲಿ, ಆಂಡಿಸ್ ಬೆಟ್ಟಸೀಮೆಯಲ್ಲಿ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಮಲತಾಯಿ ಈ ಹುಡುಗನನ್ನು ಮನೆಯ ಕೆಲಸದವರ ಜೊತೆ ಬಿಟ್ಟರು. ಅವರು ಕೆಚುವಾ ಭಾಷೆ ಆಡುವ ಮೂಲನಿವಾಸಿಗಳು. ಹುಡುಗನಿಗೆ ಪ್ರೀತಿ ಸಿಕ್ಕಿದ್ದು ಆ ಅಡುಗೆಮನೆಯಲ್ಲಿ, ಆ ಭಾಷೆಯಲ್ಲಿ. ಮುಂದೆ ಅವರು ಕಾದಂಬರಿ ಬರೆದದ್ದು ಸ್ಪ್ಯಾನಿಷ್‌ನಲ್ಲಿ. ಆದರೆ ಆ ಸ್ಪ್ಯಾನಿಷ್ಷಿನೊಳಗೆ ಕೆಚುವಾದ ಉಸಿರು ಬರಲಿ ಅಂತ ಜೀವಮಾನವಿಡೀ ಒದ್ದಾಡಿದರು. 1958ರ ಅವರ 'ಆಳದ ನದಿಗಳು' ಕಾದಂಬರಿ ಆ ಒದ್ದಾಟದ ಫಲ.

ಅಂಥವರಿಗೆ "ಊರಲ್ಲೇ ಉಳಿದವರ ನೋಟ ಚಿಕ್ಕದು" ಅಂದ ಹಾಗೆ ಕೇಳಿಸಿದರೆ ಹೇಗಾಗಬೇಡ? ನಾವೆಲ್ಲರೂ ಒಂದಲ್ಲ ಒಂದು ಹಳ್ಳಿಯವರೇ, ದೇಶದೇಶ ಮೀರಿದವರು ಅಂತ ಹೇಳಿಕೊಳ್ಳುವವರದ್ದೂ ಒಂದು ಹಳ್ಳಿಯೇ ಅನ್ನುವ ರೀತಿ ಅರ್ಗೆದಾಸ್ ಉತ್ತರ ಕೊಟ್ಟರು. 1968ರಲ್ಲಿ ಪ್ರಶಸ್ತಿಯೊಂದನ್ನು ಸ್ವೀಕರಿಸುತ್ತಾ, ತಾನು ಬೇರು ಬಿಟ್ಟು ಇನ್ನೊಂದರಲ್ಲಿ ಕರಗಿಹೋದವನಲ್ಲ, ಎರಡೂ ಭಾಷೆ ತನ್ನವೇ ಅಂತ ಹೆಮ್ಮೆಯಿಂದ ಹೇಳಿಕೊಂಡರು. ಮಾರನೇ ವರ್ಷದ ಕೊನೆಗೆ ತಮ್ಮ ಜೀವ ತಾವೇ ತೆಗೆದುಕೊಂಡರು. ಈ ಜಗಳದಿಂದಲೇ ಅಂತ ಹೇಳಲಾಗದು, ಬಹಳ ಹಿಂದಿನಿಂದ ಅವರ ಮನಸ್ಸು ನೊಂದಿತ್ತು. ಆದರೂ ಕೊರ್ತಾಸರ್ ಪುಸ್ತಕ ಕೈಗೆತ್ತಿಕೊಂಡಾಗ ನನಗೆ ಅರ್ಗೆದಾಸ್ ನೆನಪಾಗ್ತಾರೆ.

1967ರಲ್ಲೇ ಕೊಲಂಬಿಯಾದ ಮಾರ್ಕ್ವೆಜ್ 'ನೂರು ವರ್ಷಗಳ ಏಕಾಂತ' ತಂದರು. ಮಕೊಂಡೊ ಅನ್ನುವ ಊರು, ಅಲ್ಲಿ ಹಾರಿಹೋಗುವ ಹೆಂಗಸು, ಹಳದಿ ಚಿಟ್ಟೆಗಳು. ಅವರು ಅದನ್ನು ಬರೆದದ್ದು ಮೆಕ್ಸಿಕೋ ನಗರದಲ್ಲಿ, ಅಚ್ಚಾದದ್ದು ಬ್ಯೂನಸ್ ಐರಿಸ್‌ನಲ್ಲಿ! ಅಷ್ಟು ಊರಿನ ಕತೆಯೂ ಊರಿಂದಾಚೆ ಕೂತೇ ಆದದ್ದು. ಆಮೇಲೆ ಲೋಕದವರಿಗೆ ಅದೇ ರುಚಿ ಹತ್ತಿತು. ಲ್ಯಾಟಿನ್ ಅಮೆರಿಕದವರು ಏನು ಬರೆದರೂ ಚಿಟ್ಟೆ ಹಾರಬೇಕು ಅಂತಾಯ್ತು.

1996ರಲ್ಲಿ ಚಿಲಿಯ ಇಬ್ಬರು ಲೇಖಕರು, ಫುಗೆತ್ ಮತ್ತು ಗೋಮೆಸ್, 'ಮೆಕೊಂಡೊ' ಅಂತ ಒಂದು ಕಥಾಸಂಕಲನ ತಂದರು. ಮಕೊಂಡೊ ಹೆಸರಿಗೆ ಮ್ಯಾಕ್‌ಡೊನಾಲ್ಡ್ಸ್, ಮ್ಯಾಕ್ ಕಂಪ್ಯೂಟರ್, ಅಪಾರ್ಟ್‌ಮೆಂಟು ಎಲ್ಲ ಬೆರೆಸಿದ ತಮಾಷೆ ಅದು. ಅಮೆರಿಕದಲ್ಲಿ ಒಬ್ಬ ಸಂಪಾದಕರು ಯುವಲೇಖಕರ ಕತೆ ತಿರಸ್ಕರಿಸಿದರಂತೆ: ಇದರಲ್ಲಿ ಮಾಯೆ ಇಲ್ಲ, ಇದನ್ನು ಯಾವ ದೇಶದವರಾದರೂ ಬರೀಬಹುದಿತ್ತು ಅಂತ. ಆ ಕತೆ ಸಂಕಲನದ ಮುನ್ನುಡಿಯಲ್ಲಿದೆ. ನಮ್ಮ ಹುಡುಗಿಯ ಕತೆ ಇದೇ ಅಲ್ವಾ? ಆದರೆ ಆ ಸಂಕಲನದಲ್ಲಿ ಇದ್ದವರೆಲ್ಲ ಗಂಡಸರೇ, ಹೆಚ್ಚಿನವರ ಕತೆ ಪೇಟೆಯ ಅನುಕೂಲಸ್ಥರದ್ದು. ಮಾಲ್ ಇದೆ, ಆ ಮಾಲ್‌ನ ನೆಲ ಒರೆಸುವವಳು ಎಲ್ಲಿ ಅಂತ ಕೇಳೋದೂ ನ್ಯಾಯವೇ.

ಕೊನೆಗೆ ಬೊಲಾನ್ಯೊ. ಹುಟ್ಟಿದ್ದು 1953ರಲ್ಲಿ ಚಿಲಿಯಲ್ಲಿ, ಹದಿಹರೆಯ ಮೆಕ್ಸಿಕೋದಲ್ಲಿ, 1977ರಿಂದ ಸ್ಪೇನ್. 1999ರಲ್ಲಿ ಕರಾಕಸ್‌ನಲ್ಲಿ ದೊಡ್ಡ ಪ್ರಶಸ್ತಿ ಬಂದಾಗ ತಾಯ್ನಾಡಿನ ಬಗ್ಗೆ ಮಾತಾಡಿದರು. ಲೇಖಕನ ನಾಡು ಅವನ ಭಾಷೆ ಅಂತಾರೆ, ಬರೀ ಅಷ್ಟೇ ಅಲ್ಲ, ಅವನು ಪ್ರೀತಿಸುವ ಜನವೂ ಹೌದು ಅನ್ನುವುದು ಆ ಮಾತಿನ ಸಾರ. 

ಇಷ್ಟೆಲ್ಲ ಹೇಳಿ ಅವಳಿಗೆ ಒಂದೇ ಪ್ರಶ್ನೆ ಕೇಳಿದೆ. "ನಿನ್ನ ಕತೆಯ ನಮ್ಮ ಕಡೆಯ ಹೆಂಗಸು ರಾತ್ರಿ ಬಟ್ಟೆ ಎಣಿಸೋದು ಯಾವ ಭಾಷೇಲಿ?"

"ಕನ್ನಡದಲ್ಲೇ ಚಿಕ್ಕಮ್ಮ. ತಪ್ಪಿಹೋಗುತ್ತೆ ಅಂತ ಒಳಗೊಳಗೇ ಎಣಿಸ್ತಾಳೆ."

"ಸರಿ. ಆ ಪೆರು ದೇಶದವಳು?"

ಸ್ವಲ್ಪ ಹೊತ್ತು ಮಾತಿಲ್ಲ. "ಅವಳು ಬೆಟ್ಟದವಳು. ಕೆಚುವಾ ಬರುತ್ತೇನೋ... ಸುಮ್ನೆ ಸ್ಪ್ಯಾನಿಷ್ ಅಂತ ಬರೆದುಬಿಟ್ಟೆ. ಕೇಳಲೇ ಇಲ್ಲ."

ಮೊದಲನೆಯವಳಿಗೆ ತುಳಸಿಕಟ್ಟೆ ಬೇಕಿಲ್ಲ, ಅವಳು ನಮ್ಮವಳೇ. ಆದರೆ ಎರಡನೆಯವಳನ್ನು ನಮ್ಮ ಹುಡುಗಿ ಇನ್ನೂ ಪೂರ್ತಿ ನೋಡಿಲ್ಲ. ಲೋಕವನ್ನೆಲ್ಲ ಬರೀತೀವಿ ಅಂತ ಹೊರಟವರು ಪಕ್ಕದಲ್ಲಿ ಬಟ್ಟೆ ಮಡಚುವವಳ ಭಾಷೆ ಯಾವುದು ಅಂತಲಾದರೂ ಕೇಳಬೇಕಲ್ಲ? ತಿದ್ದಿ ಮತ್ತೆ ಕಳಿಸ್ತೀನಿ ಅಂದಿದ್ದಾಳೆ.

ನಿಮ್ಮ ಮನೆಯಿಂದಲೂ ದೂರ ಹೋಗಿ ಅಲ್ಲಿಂದಲೇ ಬರೆಯುವ ಮಕ್ಕಳಿದ್ದರೆ, ಮುಂದಿನ ಸಲ ಫೋನ್ ಮಾಡಿದಾಗ "ಊಟ ಆಯ್ತಾ" ಅಂದ ಮೇಲೆ "ಏನು ಬರೆದೆ" ಅಂತಲೂ ಕೇಳಿ.