ಬೆರಳಲ್ಲಿ ನೋವು ಹುಡುಕುವ ವೈದ್ಯರು
ಅಮೆರಿಕದಲ್ಲಿ ಡಾಕ್ಟರ ಹೆಸರಿನ ಪಕ್ಕ ಎಂ.ಡಿ. ಬದಲು ಡಿ.ಒ. ಎಂದಿದ್ದರೆ ನಮ್ಮವರು ಅನುಮಾನಪಡುವುದುಂಟು. ಪಡಬೇಕಾಗಿಲ್ಲ. ಆಸ್ಟಿಯೋಪತಿ ಕಾಲೇಜಿನಲ್ಲಿ ಓದಿದ ಇವರೂ ಅಲ್ಲಿ ಪೂರ್ಣಪ್ರಮಾಣದ ವೈದ್ಯರೇ; ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ. (ಬ್ರಿಟನ್ನಿನ ಆಸ್ಟಿಯೋಪಾತ್‌ಗಳ ಮಾತು ಬೇರೆ, ಅವರು ಎಂಬಿಬಿಎಸ್ ಓದಿದವರಲ್ಲ.) ಈ ಪದ್ಧತಿಯ ಬುಡದಲ್ಲಿ ಒಬ್ಬ ತಂದೆಯ ಸಂಕಟವಿದೆ. 1864ರಲ್ಲಿ ಮಿದುಳುಪೊರೆಯ ಉರಿಯೂತಕ್ಕೆ ಮೂರು ಮಕ್ಕಳನ್ನು ಕಳೆದುಕೊಂಡ ಆಂಡ್ರ್ಯೂ ಟೇಲರ್ ಸ್ಟಿಲ್, ಅಂದಿನ ಮದ್ದುಗಳ ಮೇಲೆ ನಂಬಿಕೆ ಹೋಗಿ ಮೂಳೆ, ಸ್ನಾಯುಗಳತ್ತ ತಿರುಗಿದರು. 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಶಾಲೆ ತೆರೆದು, ಮೊದಲ ತಂಡದಲ್ಲೇ ಹೆಣ್ಣುಮಕ್ಕಳಿಗೂ ಜಾಗ ಕೊಟ್ಟರು. ಅವರು ಹೇಳಿದ್ದೆಲ್ಲ ಇಂದು ನಿಲ್ಲುವುದಿಲ್ಲ, ನಿಜ. ಆದರೆ ಸೊಂಟನೋವಿನ ರೋಗಿಯನ್ನು ಬೋರಲಾಗಿ ಮಲಗಿಸಿ, ಬೆನ್ನುಮೂಳೆಯ ಇಕ್ಕೆಲದಲ್ಲಿ ಸ್ನಾಯು ಎಲ್ಲಿ ಬಿಗಿದಿದೆಯೆಂದು ಬೆರಳಿಂದ ಒತ್ತಿ ಹುಡುಕುವ ಆ ಅಭ್ಯಾಸ, ಸ್ಕ್ಯಾನ್ ಚೀಟಿಯೇ ಮೊದಲ ಮಾತಾಗಿರುವ ಈ ಕಾಲದಲ್ಲಿ ಉಳಿಯಲೇಬೇಕು. ಡಿ.ಒ. ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆರಿಸಿಕೊಳ್ಳುವುದು ಫ್ಯಾಮಿಲಿ ಡಾಕ್ಟರ್‌ನಂಥ ಪ್ರಾಥಮಿಕ ಚಿಕಿತ್ಸೆಯ ಕೆಲಸವನ್ನೇ. ಆದರೆ ಎಂ.ಡಿ.ಗಳಿಗೆ ಸಮನಾದ ಮನ್ನಣೆ ಇವರಿಗೆ ಸುಲಭಕ್ಕೆ ಸಿಗಲಿಲ್ಲ. 1962ರಲ್ಲಿ ಕ್ಯಾಲಿಫೋರ್ನಿಯಾ ಇವರಿಗೆ ಹೊಸ ಪರವಾನಗಿ ನಿಲ್ಲಿಸಿತು. ಇದ್ದವರಿಗೆ 65 ಡಾಲರಿಗೆ ಎಂ.ಡಿ. ಪದವಿ ಹಂಚಲಾಯಿತು. 1974ರಲ್ಲಿ ಅಲ್ಲಿನ ನ್ಯಾಯಾಲಯ ಮತ್ತೆ ಬಾಗಿಲು ತೆರೆಸಿತು. 2020ರಿಂದ ಎರಡೂ ಪದವಿಯವರ ರೆಸಿಡೆನ್ಸಿ ತರಬೇತಿಗೆ ಒಂದೇ ಮಾನ್ಯತೆ.